ಮಾತ್ರೆ ನುಂಗಿದರೂ ಟಿಎಸ್‌ಎಚ್ ಇಳಿಯುತ್ತಿಲ್ಲವೇ? ಡೋಸ್ ಏರಿಸುವ ಮೊದಲು ಕಷಾಯದ ಹೊತ್ತು ನೋಡಿ

ನೀವು ಕೇಳಿದ್ದು ಇಷ್ಟು: ಶಿರಸಿ ಹತ್ತಿರದ ಹಳ್ಳಿಮನೆ, ಆಯಿಗೆ (ಅಮ್ಮನಿಗೆ) 54 ವರ್ಷ, ತೂಕ 60 ಕಿಲೋ. ಎಂಟು ತಿಂಗಳಿಂದ ದಿನಾ 75 ಮೈಕ್ರೋಗ್ರಾಂ ಥೈರಾಕ್ಸಿನ್ ಮಾತ್ರೆ. ಥೈರಾಯ್ಡ್ ಹಾರ್ಮೋನ್ ಕಡಿಮೆಯಾದಾಗ ರಕ್ತದಲ್ಲಿ ಏರುವ ಟಿಎಸ್‌ಎಚ್ ಮೊದಲು 18 ಇತ್ತು, ಈಗ 9.6. ಡಾಕ್ಟರು 100ಕ್ಕೆ ಏರಿಸಿ ಬರೆದುಕೊಟ್ಟಿದ್ದಾರೆ. ಏರಿಸಬೇಕೋ, ಮಾತ್ರೆಯ ಕಂಪನಿ ಬದಲಿಸಬೇಕೋ, ಅಡುಗೆಯ ಉಪ್ಪು ಬದಲಿಸಬೇಕೋ ಎಂಬುದು ಪ್ರಶ್ನೆ. ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀರಿ: ಬೆಳಿಗ್ಗೆ ಹಾಲು ಹಾಕಿದ ಕಷಾಯದ ಜೊತೆಗೇ ಥೈರಾಯ್ಡ್ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎರಡನ್ನೂ ಮುಗಿಸಿಬಿಡುತ್ತಾರೆ ಅಂತ. ಔಷಧಿ ಅಂಗಡಿಯ ಫಾರ್ಮಸಿಸ್ಟ್ ಆಗಿ ನನ್ನ ಕಣ್ಣು ನಿಂತದ್ದು ಆ ಸಾಲಿನ ಮೇಲೆ.

ಥೈರಾಕ್ಸಿನ್ ಹೀರಿಕೊಳ್ಳುವುದು ಸಣ್ಣ ಕರುಳಿನಲ್ಲಿ. ಬರೀ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿದರೂ ಒಳಗೆ ಸೇರುವುದು ಸುಮಾರು ಶೇಕಡಾ 70ರಿಂದ 80. ಅದೇ ಹೊತ್ತಿಗೆ ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಥೈರಾಕ್ಸಿನ್‌ಗೆ ಅಂಟಿಕೊಂಡು, ರಕ್ತಕ್ಕೆ ಹೋಗಬೇಕಾದ ಔಷಧಿಯನ್ನು ಮಲದಲ್ಲಿ ಹೊರಗೆ ಕಳಿಸುತ್ತದೆ. ಹಾಲಿನಲ್ಲಿರುವುದೂ ಕ್ಯಾಲ್ಸಿಯಮ್ಮೇ. ಜೀರಿಗೆ-ಕೊತ್ತಂಬರಿ ಕಷಾಯ ಆರೋಗ್ಯಕ್ಕೆ ಒಳ್ಳೆಯದೇ ಇರಬಹುದು, ಆದರೆ ಈ ಮಾತ್ರೆಯ ಲೆಕ್ಕದಲ್ಲಿ ಅದು ಒಂದು ಲೋಟ ಹಾಲು. ಕಾಫಿ, ಚಹಾ ಕೂಡ ಹೀಗೇ ಅಡ್ಡ ಬರುತ್ತವೆ. ಅಂದರೆ ಆಯಿಗೆ 75 ಕಡಿಮೆ ಬಿತ್ತು ಎಂದು ಈ ರಿಪೋರ್ಟ್ ನೋಡಿ ಹೇಳಲು ಬರುವುದಿಲ್ಲ. 75 ಪೂರ್ತಿ ಅವರ ಮೈ ಸೇರಿದೆಯೋ ಇಲ್ಲವೋ ಗೊತ್ತಿಲ್ಲವಲ್ಲ.

ತೂಕದ ಲೆಕ್ಕವೂ ಇದಕ್ಕೆ ಹೊಂದುತ್ತದೆ. ಥೈರಾಯ್ಡ್ ಗ್ರಂಥಿಯ ಕೆಲಸ ಪೂರ್ತಿ ನಿಂತವರಿಗೆ ಕಿಲೋಗೆ ಸುಮಾರು 1.6 ಮೈಕ್ರೋಗ್ರಾಂ ಬೇಕು, 60 ಕಿಲೋಗೆ 96 ಆಯಿತು. ಶುರುವಿನಲ್ಲಿ ಟಿಎಸ್‌ಎಚ್ 18 ಇದ್ದವರಲ್ಲಿ ಗ್ರಂಥಿ ಇನ್ನೂ ಒಂದಿಷ್ಟು ಕೆಲಸ ಮಾಡುತ್ತಿರುವುದೇ ಹೆಚ್ಚು. ಹಾಗಾಗಿ ಸರಿಯಾಗಿ ಹೀರಿಕೊಂಡರೆ 75 ಸಾಕಾಗುವ ಸಾಧ್ಯತೆ ಚೆನ್ನಾಗಿಯೇ ಇದೆ.

ಈಗ ಡೋಸ್ ಏರಿಸಿ, ಅದೇ ವಾರ ನೀವು ಹೊತ್ತನ್ನೂ ಸರಿ ಮಾಡಿದಿರಿ ಎಂದುಕೊಳ್ಳಿ. ಎರಡೂ ಸೇರಿ ಔಷಧಿ ಹೆಚ್ಚಾಗಬಹುದು: ಎದೆ ಡವಡವ, ಕೈ ನಡುಕ, ನಿದ್ದೆ ಇಲ್ಲ, ಸುಮ್ಮನೆ ಬೆವರು. ಬಹುಕಾಲ ಹೀಗೇ ನಡೆದರೆ ಹೃದಯದ ಬಡಿತ ತಾಳ ತಪ್ಪುತ್ತದೆ, ಮುಟ್ಟು ನಿಂತ ವಯಸ್ಸಿನವರ ಮೂಳೆ ಸವೆಯುತ್ತದೆ. ಮೂಳೆಗೆಂದು ಕ್ಯಾಲ್ಸಿಯಂ ಕೊಟ್ಟು, ಇನ್ನೊಂದು ಕೈಯಲ್ಲಿ ಮೂಳೆ ಸವೆಸಿದ ಹಾಗೆ. ಆದ್ದರಿಂದ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ನೇರವಾಗಿ ಹೇಳಿ: "ಇಷ್ಟು ದಿನ ಹಾಲು, ಕ್ಯಾಲ್ಸಿಯಂ ಜೊತೆ ತಗೊಂಡಿದ್ದಾರೆ. 75ರಲ್ಲೇ ಹೊತ್ತು ಸರಿ ಮಾಡಿ, ಆರು ವಾರ ಬಿಟ್ಟು ರಕ್ತ ಪರೀಕ್ಷೆ ಮಾಡಿಸಬಹುದೇ?" ಅವರನ್ನು ಕೇಳದೆ ನೀವೇ ನಿರ್ಧಾರ ಮಾಡಬೇಡಿ. ಈ ವಿಷಯ ಅವರಿಗೆ ಗೊತ್ತೇ ಇರಲಿಕ್ಕಿಲ್ಲ. ಮಾತ್ರೆ ಯಾವುದರ ಜೊತೆ ಹೊಟ್ಟೆಗೆ ಹೋಯಿತು ಎಂಬುದು ರಿಪೋರ್ಟಿನಲ್ಲಿ ಬರುವುದಿಲ್ಲ.

ಹೊತ್ತು ಹೀಗೆ ಇಟ್ಟುಕೊಳ್ಳಿ. ನಸುಕಿನಲ್ಲಿ ಎದ್ದು ಬಾಯಿ ತೊಳೆದ ಕೂಡಲೇ, ಕೊಟ್ಟಿಗೆಗೆ ಹೋಗುವ ಮೊದಲು, ಮಾತ್ರೆ ಮತ್ತು ಒಂದು ಲೋಟ ಬರೀ ನೀರು. ಹಾಲು ಕರೆದು, ಕಸ ಗುಡಿಸಿ ಬರುವಷ್ಟರಲ್ಲಿ ಒಂದು ಗಂಟೆ ತಾನಾಗಿಯೇ ಕಳೆದಿರುತ್ತದೆ. ಅರ್ಧ ಗಂಟೆ ಕನಿಷ್ಠ, ಒಂದು ಗಂಟೆಯಾದರೆ ಉತ್ತಮ. ಆಮೇಲೆ ಕಷಾಯ, ತೆಳ್ಳೇವು, ಏನು ಬೇಕಾದರೂ ಆಗಲಿ. ಕ್ಯಾಲ್ಸಿಯಂ ಮಧ್ಯಾಹ್ನದ ಊಟದ ಜೊತೆ. ಕಬ್ಬಿಣದ ಮಾತ್ರೆ ಇದ್ದರೆ ಅದೂ ಬೆಳಗಿನ ಮಾತ್ರೆಯಿಂದ ನಾಲ್ಕು ಗಂಟೆ ದೂರ. ಗ್ಯಾಸ್ಟ್ರಿಕ್‌ಗೆ ಕುಡಿಯುವ ಬಿಳಿ ಸಿರಪ್ಪಿಗೂ ಇದೇ ನಿಯಮ. ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆ ದಿನಾ ನುಂಗುತ್ತಿದ್ದರೆ ಡಾಕ್ಟರಿಗೆ ತಿಳಿಸಿ, ಹೊಟ್ಟೆಯ ಆಮ್ಲ ಕಡಿಮೆಯಾದರೆ ಥೈರಾಕ್ಸಿನ್ ಸರಿಯಾಗಿ ಕರಗುವುದಿಲ್ಲ. ರಾತ್ರಿ ಊಟವಾಗಿ ಮೂರು ಗಂಟೆ ಬಿಟ್ಟು ನುಂಗುವ ದಾರಿಯೂ ಇದೆ. ಆದರೆ ಅಡಿಕೆ ಸುಲಿಯುವ ಕಾಲದಲ್ಲಿ ಊಟ ತಡ, ನಡುನಡುವೆ ಚಹಾ ಇರುವ ಮನೆಗೆ ಅದು ನಡೆಯದು. ಏಕಾದಶಿ ಉಪವಾಸದ ದಿನವೂ ಮಾತ್ರೆ ಬಿಡುವುದು ಬೇಡ, ನೀರಿನ ಜೊತೆ ತಾನೇ.

ಮಾತ್ರೆ ತಪ್ಪುತ್ತಿದೆಯೇ ಎಂದೂ ನೋಡಬೇಕು. ಟಿಎಸ್‌ಎಚ್ ಇಳಿಯದಿರಲು ಇದೇ ಅತಿ ಸಾಮಾನ್ಯ ಕಾರಣ, ಆದರೆ "ದಿನಾ ತಗೊಳ್ತೀರಾ?" ಎಂದು ಆಯಿಯನ್ನು ಕೇಳಿದರೆ ಹೌದು ಎಂದೇ ಬರುತ್ತದೆ. ನೂರು ಮಾತ್ರೆಗಳಿರುವ ಹೊಸ ಬಾಟಲಿ ಒಡೆದ ದಿನ ಮುಚ್ಚಳದ ಮೇಲೆ ಪೆನ್ನಿನಲ್ಲಿ ತಾರೀಖು ಬರೆಯಿರಿ. ಎಂಟು ವಾರಕ್ಕೆ 56 ಹೋಗಿ 44 ಉಳಿದಿರಬೇಕು. 60 ಉಳಿದಿದ್ದರೆ ಸಮಸ್ಯೆ ಡೋಸಿನದ್ದಲ್ಲ. ಒಂದು ದಿನ ಮರೆತರೆ ನೆನಪಾದಾಗ ನುಂಗಲಿ. ಈ ಔಷಧಿ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಹಿಡಿಯುತ್ತದೆ, ಒಂದು ದಿನ ತಪ್ಪಿದ್ದಕ್ಕೆ ಗಾಬರಿ ಬೇಡ. ಪರೀಕ್ಷೆಗೆ ಆರು ವಾರ ಕಾಯುವುದೂ ಇದೇ ಕಾರಣಕ್ಕೆ. ಹದಿನೈದು ದಿನಕ್ಕೇ ರಕ್ತ ಕೊಟ್ಟರೆ ಸಿಗುವುದು ದಾರಿಯ ನಡುವಿನ ಅಂಕಿ.

ರಕ್ತ ಕೊಡುವ ದಿನ ಪ್ರತಿ ಸಲವೂ ಬೆಳಗಿನ ಹೊತ್ತೇ ಇರಲಿ, ಟಿಎಸ್‌ಎಚ್ ಮಧ್ಯಾಹ್ನ ತಾನಾಗಿ ತಗ್ಗುತ್ತದೆ. ಮಾತ್ರೆ ರಕ್ತ ಕೊಟ್ಟ ಮೇಲೆ. ಕೂದಲು ಉದುರುತ್ತದೆಂದು ಬಯೋಟಿನ್ ತಗೊಳ್ಳುತ್ತಿದ್ದರೆ ಎರಡು ದಿನ ಮೊದಲೇ ನಿಲ್ಲಿಸಿ. ಕೆಲವು ಯಂತ್ರಗಳಲ್ಲಿ ಅದು ಟಿಎಸ್‌ಎಚ್ ಅನ್ನು ಸುಳ್ಳೇ ಕಡಿಮೆ ತೋರಿಸುತ್ತದೆ.

ಕಂಪನಿ ಬದಲಿಸುವುದರಿಂದ ಲಾಭವಿಲ್ಲ. ಥೈರೋನಾರ್ಮ್ ಆಗಲಿ ಎಲ್ಟ್ರಾಕ್ಸಿನ್ ಆಗಲಿ, ಹಿಡಿದದ್ದನ್ನೇ ಹಿಡಿಯಿರಿ. ಬದಲಿಸಲೇಬೇಕಾಗಿ ಬಂದರೆ ಆರು ವಾರಕ್ಕೆ ಇನ್ನೊಂದು ಪರೀಕ್ಷೆ. ನಮ್ಮ ಕಡೆ ಕಂಪನಿಗಿಂತ ಮಾತ್ರೆ ಕೆಡಿಸುವುದು ಮಳೆಗಾಲದ ತೇವದ ಗಾಳಿ. ಥೈರಾಕ್ಸಿನ್‌ಗೆ ತೇವ, ಬಿಸಿ, ಬೆಳಕು ಮೂರೂ ಆಗದು. ಒಲೆಯ ಮೇಲಿನ ಗೂಡು, ಬಚ್ಚಲಿನ ಕಿಟಕಿ ಬೇಡ. ಸ್ಟೀಲ್ ಡಬ್ಬಿಗೆ ಸುರಿಯಬೇಡಿ, ಬಾಟಲಿಯೊಳಗಿನ ತೇವ ಹೀರುವ ಸಣ್ಣ ಸಿಲಿಕಾ ಪೊಟ್ಟಣ ಎಸೆಯಬೇಡಿ. ಒದ್ದೆ ಕೈಗೆ ನಾಲ್ಕು ಮಾತ್ರೆ ಸುರಿದುಕೊಂಡು ಮೂರನ್ನು ವಾಪಸ್ ಹಾಕುವುದು ಎಲ್ಲ ಮನೆಗಳಲ್ಲೂ ನಡೆಯುತ್ತದೆ, ಬಾಟಲಿಯೊಳಗೆ ತೇವ ಹೋಗುವುದೇ ಹಾಗೆ. ಮುಚ್ಚಳಕ್ಕೆ ಒಂದೇ ಮಾತ್ರೆ ಬೀಳಿಸಿಕೊಂಡು ತಕ್ಷಣ ಬಿಗಿಯಾಗಿ ಮುಚ್ಚಲಿ.

ಉಪ್ಪಿನ ಬಗ್ಗೆಯೂ ಕೇಳಿದ್ದೀರಿ. ಸಾಣಿಕಟ್ಟೆಯ ಹರಳುಪ್ಪು ಬಿಟ್ಟು ಅಯೋಡಿನ್ ಉಪ್ಪು ಬಳಸುವುದು ಮನೆಮಂದಿಗೆಲ್ಲ ಒಳ್ಳೆಯದು. ಆದರೆ ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯನ್ನು ಹಾಳುಮಾಡಿದ್ದರೆ ಅಯೋಡಿನ್ ಅದನ್ನು ಮರಳಿ ತರುವುದಿಲ್ಲ, ಮೀನು ತಿಂದರೂ ಅಷ್ಟೇ. ಥೈರಾಯ್ಡ್‌ಗೆ ಆಗದೆಂದು ಬೇಯಿಸಿದ ಕೋಸು ಬಿಡಬೇಕಾಗಿಲ್ಲ.

ಹೊತ್ತು ಸರಿಯಾಗಿ, ಲೆಕ್ಕ ಸರಿಯಾಗಿ ಆರು ವಾರವಾದರೂ ಟಿಎಸ್‌ಎಚ್ 5ರ ಮೇಲೇ ಇದ್ದರೆ 100ಕ್ಕೆ ಏರಿಸುವುದು ನ್ಯಾಯ. ಆಮೇಲೂ ಜಗ್ಗದಿದ್ದರೆ ಜಠರದ ಉರಿಯೂತ, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ ಇವನ್ನು ಹುಡುಕಬೇಕಾಗುತ್ತದೆ, ಆಗ ಹುಬ್ಬಳ್ಳಿಯಲ್ಲೋ ಮಣಿಪಾಲದಲ್ಲೋ ಹಾರ್ಮೋನ್ ತಜ್ಞರನ್ನು ಕಾಣಿ. ಇಷ್ಟರೊಳಗೆ ಎದೆನೋವು ಅಥವಾ ನಿಲ್ಲದ ಎದೆಬಡಿತ ಬಂದರೆ ಆರು ವಾರ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.

ಜೂನ್‌ಗೆ ಮೊದಲು ಎರಡು ತಿಂಗಳ ಮಾತ್ರೆ ಮನೆಯಲ್ಲಿರಲಿ. 2024ರ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆಗಿತ್ತು, ಘಟ್ಟದ ದಾರಿಗಳ ಕಥೆ ನಿಮಗೇ ಗೊತ್ತು.