ಹಳೆಯ ಡಯಾನಾ 75 ಏರ್ ರೈಫಲ್‌ಗೆ ಬಿಡಿಭಾಗ ಎಲ್ಲಿ ಸಿಗುತ್ತದೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿರುವುದು ಹೀಗೆ: ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ನಿಮ್ಮ ನೆರೆಯ ಹಿರಿಯರೊಬ್ಬರು ತಮ್ಮ ಹಳೆಯ ಡಯಾನಾ 75 ಕೊಟ್ಟಿದ್ದಾರೆ. ಪೆಲೆಟ್ 10 ಮೀಟರ್ ದೂರದ ಗುರಿಯನ್ನು ಹೇಗೋ ಮುಟ್ಟುತ್ತದೆ, ಹೊಡೆದಾಗಲೆಲ್ಲ ಒಳಗೆ ಲೋಹ ಬಡಿದ ಸದ್ದು ಬರುತ್ತದೆ. ಇದನ್ನು ಮತ್ತೆ ಸರಿಯಾಗಿ ನಡೆಸಲು ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೀರಿ. ನಾನು ಸ್ಟುಟ್‌ಗಾರ್ಟ್ ಕಡೆಯ ಶೂಟಿಂಗ್ ಕ್ಲಬ್ಬೊಂದರ ಸದಸ್ಯ. ಆ ಕಾಲದ ರೈಫಲ್‌ಗಳನ್ನು ಬಿಚ್ಚಿ ಜೋಡಿಸುವುದು ಬಿಡುವಿನ ವೇಳೆಯಲ್ಲಿ ನಾನು ಇಷ್ಟಪಟ್ಟು ಮಾಡುವ ಕೆಲಸ.

ಎಲ್ಲಕ್ಕಿಂತ ಮೊದಲು, ದಯವಿಟ್ಟು ಅದರಿಂದ ಇನ್ನೊಂದು ಗುಂಡನ್ನೂ ಹಾರಿಸಬೇಡಿ. ಕಾರಣ ಅದರ ಒಳರಚನೆಯಲ್ಲಿದೆ. ಈ ಮಾದರಿಯಲ್ಲಿರುವುದು ಗಿಸ್ ವ್ಯವಸ್ಥೆ. ಸಾಮಾನ್ಯ ಸ್ಪ್ರಿಂಗ್ ರೈಫಲ್‌ನಲ್ಲಿ ಒಂದೇ ಪಿಸ್ಟನ್ ಮುಂದಕ್ಕೆ ನುಗ್ಗಿ ಗಾಳಿಯನ್ನು ಒತ್ತುತ್ತದೆ, ಅದರ ಹೊಡೆತಕ್ಕೆ ಇಡೀ ರೈಫಲ್ ಅದುರುತ್ತದೆ. ಇದರಲ್ಲಿ ಎರಡು ಪಿಸ್ಟನ್‌ಗಳಿವೆ. ಮುಂದಿನದು ಗಾಳಿಯನ್ನು ಒತ್ತಿದರೆ, ಹಿಂದಿನದು ಬರೀ ತೂಕವಾಗಿ ಎದುರು ದಿಕ್ಕಿಗೆ ಓಡುತ್ತದೆ. ಎರಡನ್ನೂ ಹಲ್ಲುಪಟ್ಟಿ ಮತ್ತು ಗೇರ್‌ಗಳು ಬೆಸೆದಿರುವುದರಿಂದ ಎರಡೂ ಒಂದೇ ಕ್ಷಣದಲ್ಲಿ ನಿಲ್ಲುತ್ತವೆ, ಒಂದರ ಅದುರನ್ನು ಇನ್ನೊಂದರ ಅದುರು ಕಳೆಯುತ್ತದೆ. ಡಯಾನಾ 1960ರಲ್ಲಿ ಮಾದರಿ 60ರೊಂದಿಗೆ ಇದನ್ನು ರೈಫಲ್‌ಗೆ ತಂದಿತು, 1977ರಲ್ಲಿ ಬಂದ 75 ಅದೇ ವಂಶದ್ದು. ಇಷ್ಟು ಜಾಣತನದ ಯಂತ್ರವನ್ನು ಕೈಯಲ್ಲಿ ಹಿಡಿಯುವುದೇ ಒಂದು ಭಾಗ್ಯ ಎಂದು ನಾನು ನಂಬಿದ್ದೇನೆ.

ಇದರಲ್ಲಿ ಕೆಡುವುದು ಉಕ್ಕಲ್ಲ, ಪಿಸ್ಟನ್ ತಲೆಯ ಸೀಲ್. ಅಂದಿನ ಕಾರ್ಖಾನೆಯ ಸೀಲ್‌ಗಳು ವರ್ಷ ಕಳೆದಂತೆ ತಾವಾಗಿಯೇ ಒಡೆಯುತ್ತವೆ, ರೈಫಲ್ ಬಳಸದೆ ಇಟ್ಟಿದ್ದರೂ ಅಷ್ಟೇ. ಬಿಚ್ಚಿದಾಗ ಸಿಲಿಂಡರ್ ಗೋಡೆಗೆ ಹಳೆಯ ಬೆಲ್ಲದ ಪುಡಿಯಂತೆ ಕಂದು ಚೂರುಗಳು ಮೆತ್ತಿಕೊಂಡಿರುತ್ತವೆ. ಸೀಲ್ ಚೆನ್ನಾಗಿದ್ದಾಗ ಒತ್ತಿದ ಗಾಳಿಯೇ ಪಿಸ್ಟನ್ನಿಗೆ ಮೆತ್ತೆ. ಸೀಲ್ ಹೋದರೆ ಗಾಳಿ ಪಕ್ಕದಿಂದ ಸೋರಿ, ಪಿಸ್ಟನ್ ನೇರವಾಗಿ ಲೋಹಕ್ಕೆ ಬಡಿಯುತ್ತದೆ, ಆ ಪೆಟ್ಟು ಗೇರ್ ಹಲ್ಲುಗಳಿಗೆ ಮುಟ್ಟುತ್ತದೆ. ನಿಮಗೆ ಕೇಳಿಸುತ್ತಿರುವ ಸದ್ದು ಬಹುಮಟ್ಟಿಗೆ ಇದೇ. ಸೀಲ್ ಇಂದಿಗೂ ಹೊಸದಾಗಿ ತಯಾರಾಗುತ್ತದೆ, ಅಗ್ಗವಾಗಿ ಸಿಗುತ್ತದೆ. ಗೇರ್ ಹಲ್ಲು ಮುರಿದರೆ ಮಾತ್ರ ಹುಡುಕಾಟ ನಿಜವಾಗಿ ಕಷ್ಟವಾಗುತ್ತದೆ.

ಇನ್ನು ಎಲ್ಲಿ ಹುಡುಕಬೇಕು ಎಂಬ ವಿಚಾರ. ಡಯಾನಾ ಹುಟ್ಟಿದ ರಾಸ್ಟಾಟ್ ನಿಮ್ಮ ಊರಿಗೆ ಹತ್ತಿರ ಎಂಬ ಆಸೆಯಿಂದ ಅಲ್ಲಿಗೆ ಹೋಗಬೇಡಿ. ಮಾಯರ್ ಮತ್ತು ಗ್ರಾಮೆಲ್ಸ್‌ಪಾಖರ್ 1890ರಲ್ಲಿ ಅಲ್ಲಿ ಆರಂಭಿಸಿದ ಕಾರ್ಖಾನೆಯ ಒಡೆತನ ಬದಲಾಗಿ, ಡಯಾನಾ ತಯಾರಿಕೆ ಆ ಊರನ್ನು ಬಿಟ್ಟಿದೆ. ಹಳೆಯ ಏರ್ ರೈಫಲ್‌ಗಳ ಭಾಗಗಳನ್ನೇ ಮಾರುವ ಅಂಗಡಿಗಳು ಜರ್ಮನಿಯಲ್ಲೂ ಬ್ರಿಟನ್ನಿನಲ್ಲೂ ಇವೆ. ಬ್ರಿಟನ್ನಿನ ಚೇಂಬರ್ಸ್‌ನಂಥವರು ಪ್ರತಿ ಭಾಗಕ್ಕೂ ಸಂಖ್ಯೆ ಕೊಟ್ಟ ಚಿತ್ರ ಒದಗಿಸುತ್ತಾರೆ. ನೀವು ಏನನ್ನೂ ಕೊಳ್ಳದಿದ್ದರೂ ಮೊದಲು ನಿಮ್ಮ ಮಾದರಿಯ ಅಂಥ ಚಿತ್ರವೊಂದನ್ನು ಹುಡುಕಿ ಇಟ್ಟುಕೊಳ್ಳಿ. ಬ್ರೆಕ್ಸಿಟ್ ನಂತರ ಬ್ರಿಟನ್ನಿನಿಂದ ಬರುವ ಪೊಟ್ಟಣಕ್ಕೆ ಇಲ್ಲಿ ತೆರಿಗೆ ಬೀಳುತ್ತದೆ, ಹಾಗಾಗಿ ಸಣ್ಣ ಸೀಲ್‌ಗೆ ಜರ್ಮನಿಯ ಅಂಗಡಿಯೇ ಲಾಭ.

ಹುಡುಕುವಾಗ ಒಂದೇ ಹೆಸರಿಗೆ ಅಂಟಿಕೊಳ್ಳಬೇಡಿ. ಎರಡನೇ ಮಹಾಯುದ್ಧದ ನಂತರ ‘ಡಯಾನಾ’ ಹೆಸರು ಬ್ರಿಟನ್ನಿನಲ್ಲಿ ಮಿಲ್‌ಬ್ರೊ ಎಂಬ ಕಂಪನಿಯ ಕೈಯಲ್ಲಿತ್ತು, ಆದ್ದರಿಂದ ಜರ್ಮನ್ ರೈಫಲ್‌ಗಳು ಅಲ್ಲಿ ‘ಒರಿಜಿನಲ್’ ಎಂಬ ಹೆಸರಿನಲ್ಲಿ ಮಾರಾಟವಾದವು. ಅಮೆರಿಕದಲ್ಲಿ ಇದೇ ರೈಫಲ್ ಆರ್‌ಡಬ್ಲ್ಯುಎಸ್ 75. ‘ಒರಿಜಿನಲ್ 75’ ಎಂದು ಹುಡುಕಿದರೆ ಬೇರೆಯದೇ ಒಂದು ಉಗ್ರಾಣ ತೆರೆದುಕೊಳ್ಳುತ್ತದೆ. ಮಾರುವವರಿಗೆ ಬರೆಯುವಾಗ ಬರೀ 75 ಎನ್ನದೆ ಪೂರ್ತಿ ಹೆಸರು ಕೊಡಿ, ಏಕೆಂದರೆ ಟಿ 01 ಮುಂತಾದ ಉಪಮಾದರಿಗಳಿವೆ. ರೈಫಲ್‌ನ ಲೋಹದ ಮೈಮೇಲೆ ಒಂದು ಬದಿ ಚಿಕ್ಕ ಅಂಕಿಗಳಲ್ಲಿ ತಯಾರಾದ ತಿಂಗಳು ಮತ್ತು ವರ್ಷವನ್ನು ಒತ್ತಿರುತ್ತಾರೆ. ಎಣ್ಣೆ ಕೊಳೆ ಒರೆಸಿ, ದೀಪವನ್ನು ಓರೆಯಾಗಿ ಹಿಡಿದರೆ ಕಾಣುತ್ತದೆ. ಅದನ್ನೂ ಬರೆಯಿರಿ. ಹಳೆಯ ಸೀಲ್ ಒಡೆದಿದ್ದರೂ ಎಸೆಯಬೇಡಿ, ಉಳಿದ ಚೂರಿನ ದಪ್ಪವಾದರೂ ಅಳತೆಗೆ ಸಿಗುತ್ತದೆ.

ಸ್ಪ್ರಿಂಗ್ ವಿಷಯದಲ್ಲಿ ಎಚ್ಚರ ಬೇಕು. ನಿಮ್ಮ ರೈಫಲ್ ಮೇಲೆ ಪಂಚಕೋನದೊಳಗೆ ಎಫ್ ಅಕ್ಷರದ ಗುರುತು ಇರಬೇಕು. ಗುಂಡಿನ ಶಕ್ತಿ 7.5 ಜೂಲ್ ಮೀರದ, ಹದಿನೆಂಟು ತುಂಬಿದವರು ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದಾದ ರೈಫಲ್ ಎಂದು ಅದರ ಅರ್ಥ. ಬೇರೆ ದೇಶದ ಮಾರುಕಟ್ಟೆಗೆಂದು ಮಾಡಿದ ಬಿರುಸಾದ ಸ್ಪ್ರಿಂಗ್ ಹಾಕಿ ಆ ಮಿತಿ ಮೀರಿದರೆ ಪರವಾನಗಿಯಿಲ್ಲದ ಆಯುಧ ನಿಮ್ಮ ಕೈಯಲ್ಲಿದ್ದಂತಾಗುತ್ತದೆ. ಹೇಗೂ 10 ಮೀಟರ್ ಗುರಿಗೆ ಹೆಚ್ಚಿನ ಬಲ ಏನೂ ಕೊಡುವುದಿಲ್ಲ. ಹಳೆಯ ಸ್ಪ್ರಿಂಗ್ ನೇರವಾಗಿದ್ದು, ತುಂಡಾಗಿರದಿದ್ದರೆ ಅದನ್ನೇ ಉಳಿಸಿಕೊಳ್ಳಿ.

ಬಿಚ್ಚುವ ಕೆಲಸವನ್ನು ಸ್ಪ್ರಿಂಗ್ ಅದುಮುವ ಸಾಧನವಿಲ್ಲದೆ ಶುರು ಮಾಡಬೇಡಿ. ಗೇರ್ ತೆಗೆಯುವ ಮೊದಲು ಫೋಟೊ ತೆಗೆದುಕೊಂಡು, ಯಾವ ಹಲ್ಲು ಎಲ್ಲಿ ಕೂತಿದೆಯೆಂದು ಮಾರ್ಕರ್‌ನಿಂದ ಗುರುತು ಹಾಕಿ. ಮರಳಿ ಜೋಡಿಸುವಾಗ ಒಂದೇ ಒಂದು ಹಲ್ಲು ಆಚೀಚೆಯಾದರೂ ಪಿಸ್ಟನ್‌ಗಳ ತಾಳ ತಪ್ಪುತ್ತದೆ. ಈ ಕಾರಣಕ್ಕೇ, ಮೊದಲ ಸಲವಾದರೆ ಗಿಸ್ ವ್ಯವಸ್ಥೆ ಗೊತ್ತಿರುವ ರಿಪೇರಿಗಾರರಿಗೆ ಕೊಡುವುದು ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಿಮ್ಮ ಹತ್ತಿರದ ಶೂಟಿಂಗ್ ಕ್ಲಬ್ಬಿನ ಹಿರಿಯ ಸದಸ್ಯರನ್ನು ಕೇಳಿದರೆ ಅಂಥವರ ಗುರುತು ಸಿಗುತ್ತದೆ. ಎಷ್ಟೋ ಸಲ ಅವರ ಕಪಾಟಿನಲ್ಲೇ ಬೇಕಾದ ಭಾಗವೂ ಇರುತ್ತದೆ.

ಹಿಂದಿನ ಡಯಾಪ್ಟರ್ (ಸಣ್ಣ ರಂಧ್ರದ ಮೂಲಕ ಗುರಿ ನೋಡುವ ಸಾಧನ) ಕಳೆದುಹೋಗಿದ್ದರೆ ಡಯಾನಾದ್ದೇ ಬೇಕೆಂದು ಕಾಯಬೇಕಿಲ್ಲ. ಸ್ಪರ್ಧಾ ರೈಫಲ್‌ಗಳಲ್ಲಿ ಅದನ್ನು ಕೂರಿಸುವ ಲೋಹದ ಪಟ್ಟಿ (ರೈಲು) 11 ಮಿ.ಮೀ. ಇರುವುದು ಸಾಮಾನ್ಯ, ನಿಮ್ಮದನ್ನು ಅಳೆದು ನೋಡಿ ಬೇರೆ ಕಂಪನಿಯ ಹಳೆಯ ಡಯಾಪ್ಟರ್ ಕೂರಿಸಬಹುದು.

ಗೇರ್ ಅಥವಾ ಹಲ್ಲುಪಟ್ಟಿ ಹೋಗಿದೆಯೆಂದು ತಿಳಿದರೆ ಮಾತ್ರ, ಬಿಡಿಭಾಗದ ಬದಲು ಇನ್ನೊಂದು ಇಡೀ ರೈಫಲ್ ಹುಡುಕಿ. ಇಗನ್ ಎಂಬ ಜರ್ಮನ್ ಹರಾಜು ತಾಣದಲ್ಲಿ ‘ಕೆಟ್ಟಿದೆ’ ಎಂಬ ವಿವರದೊಂದಿಗೆ ಇಂಥವು ಬರುತ್ತಿರುತ್ತವೆ. ಮರ ಒಡೆದಿರಲಿ, ನಳಿಗೆ ತುಕ್ಕು ಹಿಡಿದಿರಲಿ, ಚಿಂತೆಯಿಲ್ಲ. ಸ್ಪ್ರಿಂಗ್ ಅದುಮುವ ಸನ್ನೆಯನ್ನು ಎಳೆದಾಗ ಅದು ಕೊನೆಯವರೆಗೆ ತಡೆಯಿಲ್ಲದೆ ಬಂದು, ಅಲ್ಲಿ ಸ್ಪ್ರಿಂಗ್ ಕೊಂಡಿಗೆ ಕಚ್ಚಿ ನಿಲ್ಲುತ್ತದೆಯೇ ಎಂದು ಮಾರುವವರನ್ನು ಕೇಳಿ, ಹೌದೆಂದರೆ ಬೆಲೆ ಕೂಗಿ.