12 ವರ್ಷದ ಮಗ ಓಡಲು ಒಪ್ಪುತ್ತಿಲ್ಲ: ಪ್ರತಿಕ್ರಿಯೆ

ಮಗನಿಗೆ 12 ವರ್ಷ, ತೂಕ ಜಾಸ್ತಿ, ಬೆಳಗ್ಗೆ ಓಡು ಅಂದರೆ ಎರಡೇ ದಿನಕ್ಕೆ ಕೈಬಿಟ್ಟ ಅಂತ ಬರೆದಿದ್ದೀರಿ. ನನ್ನ ಕೇಳಿದರೆ ಸದ್ಯಕ್ಕೆ ಓಟವನ್ನೇ ಬಿಡಿ. ಮೈಭಾರ ಇರುವವರಿಗೆ ಓಟ ಅಂದರೆ ಮಂಡಿನೋವು, ಏದುಸಿರು, ಜೊತೆಗೆ ನೋಡುವವರ ಕಣ್ಣು. ಯಾರಿಗೆ ತಾನೇ ಮನಸ್ಸು ಬರುತ್ತೆ? ಸೈಕಲ್ ಅಥವಾ ಈಜು ನೋಡಿ, ಮಂಡಿಗೆ ಅಷ್ಟು ಭಾರ ಬೀಳುವುದಿಲ್ಲ.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷದ ಚಟುವಟಿಕೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗಾಬರಿ ಬೇಡ, ಒಂದೇ ಸಲಕ್ಕೆ ಅಲ್ಲ. 10 ನಿಮಿಷದಿಂದ ಶುರು ಮಾಡಿ, ನಿಧಾನಕ್ಕೆ ಏರಿಸಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. ವಾರಕ್ಕೆ 3 ದಿನ ಹಗ್ಗಜಗ್ಗಾಟದಂಥ ಬಲದ ಆಟ ಇರಲಿ. ಅಲ್ಲಿ ದಪ್ಪಗಿರುವ ಹುಡುಗರೇ ಗೆಲ್ಲುತ್ತಾರೆ ಅಲ್ವಾ! ಆ ಖುಷಿ ಅವನಿಗೆ ಸಿಗಲಿ.

ದಿನಾ ತೂಕ ನೋಡಬೇಡಿ. ಎತ್ತರ ಬೆಳೆಯುವ ವಯಸ್ಸು, ತೂಕ ಇದ್ದಲ್ಲೇ ನಿಂತರೂ ಅದು ಗೆಲುವೇ.

ಒಂದು ವಿಷಯ ಮಾತ್ರ ಸುಮ್ನೆ ಬಿಡಬೇಡಿ. ಸೊಂಟ, ತೊಡೆ ಅಥವಾ ಮಂಡಿ ನೋವು ಅಂತ ಕುಂಟಿದರೆ ಆಟ ನಿಲ್ಲಿಸಿ, ತಡ ಮಾಡದೆ ಡಾಕ್ಟರಿಗೆ ತೋರಿಸಿ. ತೂಕ ಜಾಸ್ತಿ ಇರುವ ಈ ವಯಸ್ಸಿನವರಲ್ಲಿ ತೊಡೆಮೂಳೆಯ ಮೇಲ್ತುದಿ ಜಾರುವ ತೊಂದರೆ ಬರುವುದುಂಟು.