ಕ್ರೈಸ್ತ ನಂಬಿಕೆಯ ಬಗ್ಗೆ ನಾಲ್ಕು ಜನರ ಮುಂದೆ ಮಾತನಾಡಲು ಹಿಂಜರಿಕೆಯಾಗುತ್ತದೆ, ಏನು ಮಾಡಲಿ?

ಭಾನುವಾರ ಏನು ಮಾಡಿದಿರಿ ಎಂದು ಸಹೋದ್ಯೋಗಿ ಕೇಳಿದಾಗ ‘ವಿಶೇಷವೇನಿಲ್ಲ, ಮನೆಯಲ್ಲೇ ಇದ್ದೆ’ ಎಂದುಬಿಟ್ಟೆ, ಅಂದಿನಿಂದ ನಿದ್ದೆ ಬರುತ್ತಿಲ್ಲ ಎಂದು ಬರೆದಿದ್ದೀರಿ. ಚರ್ಚ್‌ನ ಸಭೆಯಲ್ಲಿ ದನಿಯೆತ್ತಿ ಪ್ರಾರ್ಥಿಸುವ ನಾನು ಹೊರಗೆ ಬಾಯಿ ಬಿಡುವುದಿಲ್ಲವೆಂದರೆ ನನ್ನ ನಂಬಿಕೆಯೇ ಸುಳ್ಳೇ ಎಂದೂ ಕೇಳಿದ್ದೀರಿ. ಸುಳ್ಳಲ್ಲ. ಸುಳ್ಳು ನಂಬಿಕೆಯಾಗಿದ್ದರೆ ಆ ಒಂದು ಮಾತು ನಿಮ್ಮನ್ನು ಇಷ್ಟು ಚುಚ್ಚುತ್ತಿರಲಿಲ್ಲ.

ನಾನು ಆರು ವರ್ಷ ಹೀಗೆಯೇ ಬದುಕಿದವನು. ಊಟಕ್ಕೆ ಮುಂಚೆ ಪ್ರಾರ್ಥಿಸುವಾಗ ಯಾರಿಗೂ ತಿಳಿಯದಿರಲೆಂದು ತಲೆ ತಗ್ಗಿಸಿ ಮೊಬೈಲ್ ನೋಡುವವನಂತೆ ಇರುತ್ತಿದ್ದೆ. ಯಾರೂ ನನ್ನನ್ನು ಹೆದರಿಸಿರಲಿಲ್ಲ, ಬೈದಿರಲೂ ಇಲ್ಲ. ಇಷ್ಟು ಓದಿದವನು ಇದನ್ನೆಲ್ಲ ನಂಬುತ್ತಾನೆಯೇ ಎಂದುಕೊಂಡಾರು, ಅಥವಾ ಇನ್ನು ಇವನು ನಮಗೆ ಉಪದೇಶ ಶುರುಮಾಡುತ್ತಾನೆ ಎಂದು ದೂರ ಸರಿದಾರು ಎಂಬ ಅಳುಕು ಮಾತ್ರ ಇತ್ತು. ನಿಮ್ಮದೂ ಬಹುಶಃ ಅದೇ.

ನೀವು ಬೈಬಲ್‌ನ ಮಾರ್ಕ 8:38ನ್ನು ಎತ್ತಿ ಭಯಪಟ್ಟಿದ್ದೀರಿ: ನನ್ನ ವಿಷಯದಲ್ಲಿ ನಾಚಿಕೊಳ್ಳುವವನ ವಿಷಯದಲ್ಲಿ ನಾನೂ ನಾಚಿಕೊಳ್ಳುವೆನು ಎಂಬ ಯೇಸುವಿನ ಎಚ್ಚರಿಕೆ ಅದು. ಅದನ್ನು ಹಗುರವಾಗಿ ತೆಗೆದುಕೊಳ್ಳಿ ಎಂದು ನಾನು ಹೇಳುವುದಿಲ್ಲ. ಆದರೆ ಆ ಮಾತನ್ನು ಎದುರು ನಿಂತು ಕೇಳಿದವರಲ್ಲಿ ಯೇಸುವಿನ ಶಿಷ್ಯ ಪೇತ್ರನೂ ಇದ್ದ. ಕೇಳಿದ ಮೇಲೂ, ಯೇಸುವನ್ನು ಬಂಧಿಸಿದ ರಾತ್ರಿ ಮಹಾಯಾಜಕನ ಅಂಗಳದಲ್ಲಿ, ಇದ್ದಲಿನ ಬೆಂಕಿಯ ಬಳಿ ನಿಂತು, ‘ಅವನನ್ನು ನಾನರಿಯೆ’ ಎಂದು ಮೂರು ಸಲ ಹೇಳಿದ. ಮೊದಲು ಕೇಳಿದವಳು ಒಬ್ಬ ದಾಸಿ, ಅಷ್ಟೆ. ಇದ್ದಲಿನ ಬೆಂಕಿ ಎಂಬುದಕ್ಕೆ ಯೋಹಾನ ತನ್ನ ಸುವಾರ್ತೆಯಲ್ಲಿ ಬಳಸುವ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಬರುತ್ತದೆ. ಒಂದು ಆ ಅಂಗಳದಲ್ಲಿ, ಇನ್ನೊಂದು 21ನೇ ಅಧ್ಯಾಯದಲ್ಲಿ, ಸತ್ತು ಮತ್ತೆ ಎದ್ದುಬಂದ ಯೇಸು ದಡದಲ್ಲಿ ಮೀನು ಸುಡುವಾಗ. ಅಲ್ಲಿ ಮೂರು ಸಲ ‘ನನ್ನನ್ನು ಪ್ರೀತಿಸುತ್ತೀಯೋ’ ಎಂದು ಕೇಳಿ, ಮೂರು ಸಲವೂ ತನ್ನ ಕುರಿಗಳನ್ನು, ಅಂದರೆ ತನ್ನ ಜನರನ್ನು, ಪೇತ್ರನಿಗೇ ಒಪ್ಪಿಸಿದ. ‘ಮನೆಯಲ್ಲೇ ಇದ್ದೆ’ ಎಂದ ನಿಮ್ಮನ್ನು ಆತ ಹೇಗೆ ನೋಡುತ್ತಾನೆ ಎಂದು ತಿಳಿಯಬೇಕಿದ್ದರೆ ಆ ಎರಡನೆಯ ಬೆಂಕಿಯ ಬಳಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ.

ಧೈರ್ಯ ಮೊದಲು ಬರಲಿ, ಆಮೇಲೆ ಮಾತನಾಡುತ್ತೇನೆ ಎಂದು ನಾನೂ ಕಾದು ಕುಳಿತಿದ್ದೆ. ಹಾಗೆ ಕಾದರೆ ಅದು ಬರುವುದೇ ಇಲ್ಲ. ಕೊರಿಂಥದವರ ನಡುವೆ ಬಲಹೀನನಾಗಿ, ಭಯದಿಂದ, ಬಹಳ ನಡುಗುತ್ತಾ ಇದ್ದೆನೆಂದು ಅಪೊಸ್ತಲ ಪೌಲನೇ ಬರೆದಿದ್ದಾನೆ (1 ಕೊರಿಂಥ 2:3). ಬೇಡಿಗಳಲ್ಲಿದ್ದಾಗ ಎಫೆಸದವರನ್ನು ಕೇಳಿಕೊಂಡದ್ದು ಧೈರ್ಯದಿಂದ ಮಾತನಾಡುವಂತೆ ಪ್ರಾರ್ಥಿಸಿರಿ ಎಂದು, ಬಿಡುಗಡೆಗಾಗಿ ಅಲ್ಲ. ಅಂಥವನೇ ಪ್ರಾರ್ಥನೆ ಬೇಡಿದ ಮೇಲೆ, ನೀವು ಸಭೆಯ ಇಬ್ಬರು ಮೂವರ ಬಳಿ ಈ ಅಳುಕನ್ನು ಹೇಳಿಕೊಳ್ಳುವುದರಲ್ಲಿ ಕುಂದೇನಿದೆ? ಇನ್ನೂ ಹೇಳಿಕೊಂಡಿಲ್ಲವಾದರೆ ಇದೇ ವಾರ ಹೇಳಿ.

ನನ್ನ ಕಟ್ಟು ಬಿಚ್ಚಿದ್ದು ಯೋಹಾನ 9ನೇ ಅಧ್ಯಾಯ. ಹುಟ್ಟುಕುರುಡನೊಬ್ಬನಿಗೆ ಯೇಸುವಿನಿಂದ ಕಣ್ಣು ಬಂದಿದೆ. ನೆರೆಹೊರೆಯವರು ‘ಆತನೆಲ್ಲಿ’ ಎಂದು ಕೇಳಿದರೆ ‘ತಿಳಿಯದು’ ಎನ್ನುತ್ತಾನೆ. ಫರಿಸಾಯರು, ಅಂದರೆ ಯೆಹೂದಿ ಧರ್ಮನಿಷ್ಠರ ಪಂಥದವರು, ಯೇಸು ಪಾಪಿಯೆಂದರೆ ಆಗಲೂ ‘ತಿಳಿಯದು’ ಎನ್ನುತ್ತಾನೆ; ಒಂದು ಬಲ್ಲೆ, ಕುರುಡನಾಗಿದ್ದೆ, ಈಗ ಕಾಣುತ್ತೇನೆ. ತಂದೆತಾಯಿಗಳು ಸಭಾಮಂದಿರದಿಂದ ಹೊರಗೆ ಹಾಕಿಯಾರೆಂದು ಹೆದರಿ ‘ಅವನು ಪ್ರಾಯದವನು, ಅವನನ್ನೇ ಕೇಳಿ’ ಎಂದು ಜಾರಿಕೊಂಡರು. ವರ್ಷಗಟ್ಟಲೆ ನಾನು ಆ ತಂದೆತಾಯಿಗಳ ಸಾಲಿನಲ್ಲಿದ್ದೆ. ಇವನಾದರೋ ಮೊದಲು ‘ಯೇಸುವೆಂಬ ಮನುಷ್ಯ’ ಎನ್ನುತ್ತಾನೆ, ಬಳಿಕ ‘ಪ್ರವಾದಿ’ ಎನ್ನುತ್ತಾನೆ, ಆಮೇಲೆ ‘ದೇವರಿಂದ ಬಂದವನು’ ಎನ್ನುತ್ತಾನೆ, ಕೊನೆಗೆ ‘ನಂಬುತ್ತೇನೆ, ಕರ್ತನೇ’ ಎಂದು ಅಡ್ಡಬೀಳುತ್ತಾನೆ. ಯೇಸು ಹೇಳಿದಂತೆ ಕಣ್ಣು ತೊಳೆಯಲು ಸಿಲೋವ ಕೊಳಕ್ಕೆ ಹೋದಾಗ ಅವನಿನ್ನೂ ಕುರುಡ. ಅಂದರೆ ಅಷ್ಟು ಹೊತ್ತು ಅವನು ಸಾಕ್ಷಿ ಹೇಳಿದ್ದು ತಾನು ಮುಖವನ್ನೇ ನೋಡಿರದ ಒಬ್ಬನ ಬಗ್ಗೆ! ಹೇಳುತ್ತ ಹೇಳುತ್ತಲೇ ಅವನ ತಿಳಿವು ಬೆಳೆಯಿತು. ಯಾರಾದರೂ ಕಷ್ಟದ ಪ್ರಶ್ನೆ ಕೇಳಿ ಉತ್ತರ ಬಾರದಿದ್ದರೆ ಕರ್ತನಿಗೆ ಅವಮಾನವಾದೀತು ಎಂಬ ನಿಮ್ಮ ಅಂಜಿಕೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ. ವಕೀಲನು ವಾದವನ್ನು ಗೆಲ್ಲಬೇಕು, ಸಾಕ್ಷಿ ತನಗಾದದ್ದನ್ನು ಹೇಳಿದರೆ ಸಾಕು. ‘ಅದು ನನಗೆ ತಿಳಿಯದು’ ಎನ್ನುವುದಕ್ಕೆ ಸಾಕ್ಷಿಗೆ ಹಕ್ಕಿದೆ.

ನಾನು ಮಾಡಿದ ತಪ್ಪನ್ನೂ ಹೇಳಬೇಕು. ಅಳುಕು ಬಿಟ್ಟ ಹೊಸತರಲ್ಲಿ ಗೆಳೆಯನೊಬ್ಬನ ಜೊತೆ ವಾದಕ್ಕಿಳಿದೆ. ಅವನ ಮನೆಯವರ ನಂಬಿಕೆಯ ಬಗ್ಗೆ, ನಾನು ಓದಿಯೂ ಇರದ ವಿಷಯದ ಬಗ್ಗೆ, ಕಟುವಾಗಿ ಮಾತನಾಡಿದೆ. ಅವನು ಸುಮ್ಮನಾದ. ಗೆದ್ದೆನೆಂದುಕೊಂಡು ಮನೆಗೆ ಬಂದೆ. ಮರುದಿನ ಅವನು ನನ್ನ ಮುಖ ನೋಡಲಿಲ್ಲ. ಒಂದು ವಾರದ ನಂತರ ಹೋಗಿ ಕ್ಷಮೆ ಕೇಳಿದೆ. ಅವನು ಕ್ಷಮಿಸಿದ, ಆದರೆ ಆ ವಿಷಯವನ್ನು ನಾವು ಮತ್ತೆ ಎತ್ತಿಲ್ಲ. ಅಂಗಳದಲ್ಲಿ ಸೋತಿದ್ದ ಪೇತ್ರನ ಪತ್ರಿಕೆಯಲ್ಲೇ ಇದಕ್ಕೆ ಮಾತಿದೆ (1 ಪೇತ್ರ 3:15): ನಿಮ್ಮ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಸೌಮ್ಯವಾಗಿ, ಗೌರವದಿಂದ. ಕೇಳುವವರಿಗೆ ಎಂಬುದನ್ನು ನಾನು ಆಗ ಓದಿದ್ದೆ, ಮನಸ್ಸಿಗೆ ಇಳಿಸಿಕೊಂಡಿರಲಿಲ್ಲ.

ಆದ್ದರಿಂದ ನಿಮ್ಮ ಎಲ್ಲ ಹಿಂಜರಿಕೆಯನ್ನೂ ಕಿತ್ತೊಗೆಯಬೇಡಿ. ಎದುರಿನವರು ದಣಿದಿದ್ದಾರೆ, ಬೇಡವೆನ್ನುತ್ತಿದ್ದಾರೆ, ಅಥವಾ ಅವರು ನಿಮ್ಮ ಕೈಕೆಳಗಿನವರಾದ್ದರಿಂದ ಬೇಡವೆನ್ನಲಾರರು ಎಂದು ನಿಮ್ಮನ್ನು ತಡೆಯುವ ಹಿಂಜರಿಕೆ ಒಳ್ಳೆಯದು, ಅದು ಪ್ರೀತಿಯಿಂದ ಹುಟ್ಟಿದ್ದು. ನನ್ನ ಬಗ್ಗೆ ಏನೆಂದುಕೊಂಡಾರು ಎಂಬುದೊಂದೇ ತಡೆಯುತ್ತಿದ್ದರೆ ಅದನ್ನು ದಾಟಿ.

ಸಾರುವುದನ್ನು ಸದ್ಯಕ್ಕೆ ಮರೆತುಬಿಡಿ, ಬಚ್ಚಿಡುವುದನ್ನು ನಿಲ್ಲಿಸಿ. ಮುಂದಿನ ಸೋಮವಾರ ಯಾರಾದರೂ ಕೇಳಿದರೆ ‘ಬೆಳಿಗ್ಗೆ ಚರ್ಚ್‌ಗೆ ಹೋಗಿದ್ದೆ, ಮನಸ್ಸಿಗೆ ಹಾಯೆನಿಸಿತು’ ಎಂದು ಹೇಳಿ. ಇನ್ನೊಂದು ಮಾತು ಸೇರಿಸಬೇಕಾಗಿಲ್ಲ.

ನಾನು ಮೊದಲ ಸಲ ಹಾಗೆ ಹೇಳಿದಾಗ ಎದೆ ಡವಡವ ಎನ್ನುತ್ತಿತ್ತು. ಸಹೋದ್ಯೋಗಿ ‘ಹೌದೇ’ ಎಂದು ಕೆಲಸದ ಮಾತಿಗೆ ತಿರುಗಿದ. ಎಂಟು ತಿಂಗಳು ಅದರ ಸುದ್ದಿಯೇ ಇರಲಿಲ್ಲ. ಒಂದು ಸಂಜೆ ಎಲ್ಲರೂ ಹೋದ ಮೇಲೆ ಅವನು ನನ್ನ ಮೇಜಿನ ಬಳಿ ಬಂದು ನಿಂತ. ಅವನ ತಾಯಿಗೆ ಮರುದಿನ ಶಸ್ತ್ರಚಿಕಿತ್ಸೆ. ‘ನೀವು ಪ್ರಾರ್ಥನೆ ಮಾಡುತ್ತೀರಲ್ಲ?’ ಎಂದ. ತಾಯಿಯ ಹೆಸರೇನೆಂದು ಕೇಳಿದೆ. ಹೇಳಿದ. ಈಗಲೇ, ಇಲ್ಲಿಯೇ ಪ್ರಾರ್ಥಿಸಲೇ ಎಂದು ಕೇಳಿದೆ. ಅವನು ತಲೆಯಾಡಿಸಿ ಕುರ್ಚಿ ಎಳೆದುಕೊಂಡ.